ಎರವಲಿನ ವಿವೇಕ: ಸಿಮ್ಯುಲೇಶನ್ ಮಾದರಿಗಳಲ್ಲಿ ಸಿದ್ಧ ಕ್ಲಾಸುಗಳ ಬಳಕೆ

ಸಂಪಾದಕ ಮಂಡಲಿಯವರು ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಪ್ರೀತಿಯಿಂದ ಕೇಳಿದಾಗ, ಯಾವ ವಿಷಯವನ್ನು ಎತ್ತಿಕೊಳ್ಳಬೇಕೆಂಬ ಯೋಚನೆ ನನ್ನನ್ನು ಕೆಲವು ದಿನ ಕಾಡಿತು. ಶಾಲೆಯ ಹಿಂದಿನ ದಿನಗಳ ನೆನಪುಗಳನ್ನು ನನಗಿಂತ ಹಿರಿಯರೂ ಸಮರ್ಥರೂ ಆದವರು ಬರೆಯುತ್ತಾರೆ. ನನ್ನ ಆಯುಷ್ಯದ ಬಹುಭಾಗ ಸಂದದ್ದು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಣಕಯಂತ್ರದ ಪಾಠ ಹೇಳುವುದರಲ್ಲಿ. ಆದಕಾರಣ ನನ್ನ ಕಸುಬಿಗೆ ಸೇರಿದ, ಹೊರನೋಟಕ್ಕೆ ಅತ್ಯಲ್ಪವೆಂದು ತೋರುವ ಒಂದು ವಿಷಯವನ್ನೇ ಇಲ್ಲಿ ಚರ್ಚಿಸಲು ಬಯಸುತ್ತೇನೆ. ಸಿಮ್ಯುಲೇಶನ್ ತಂತ್ರಾಂಶದಲ್ಲಿ ಸ್ಕ್ರಿಪ್ಟ್ ಬರೆಯುವ ವಿದ್ಯಾರ್ಥಿ ತನ್ನ ಬರಹದ ತಲೆಯಲ್ಲಿ ‘ಇಂಪೋರ್ಟ್’ ಎಂಬ ಪದದಿಂದ ಆರಂಭವಾಗುವ ಕೆಲವು ಸಾಲುಗಳನ್ನು ಬರೆಯುತ್ತಾನೆ. ಆ ಸಾಲುಗಳ ಮೂಲಕ ಭಾಷೆಯ ಸಿದ್ಧ ಭಂಡಾರದಿಂದ ಕ್ಲಾಸುಗಳನ್ನು ಎರವಲು ತರುತ್ತಾನೆ. ಆ ಎರವಲನ್ನು ಹೇಗೆ ತರಬೇಕು, ತಂದ ಮೇಲೆ ಅದರ ನಡತೆಗೆ ಯಾರು ಹೊಣೆ ಎಂಬುದೇ ನನ್ನ ಪ್ರಶ್ನೆ.

ಇದೇನು ಮಹಾ ವಿಷಯವೆಂದು ಓದುಗರು ಹುಬ್ಬೇರಿಸಬಹುದು. ಆದರೆ ಆಸ್ಪತ್ರೆಗೆ ಎಷ್ಟು ಹಾಸಿಗೆಗಳು ಬೇಕು, ಕಾರ್ಖಾನೆಯಲ್ಲಿ ಯಾವ ಯಂತ್ರದ ಮುಂದೆ ಮಾಲು ರಾಶಿ ಬೀಳುತ್ತದೆ, ಟಿಕೆಟ್ ಕೊಡುವ ಕಿಟಕಿಗಳು ಎಷ್ಟಿದ್ದರೆ ಸಾಕು ಎಂಬಂಥ ಪ್ರಶ್ನೆಗಳು ಎದುರಾದಾಗ ಇಂದು ಅನೇಕರು ಸಿಮ್ಯುಲೇಶನ್ ಮಾದರಿಯ ಮೊರೆ ಹೋಗುತ್ತಾರೆ. ಮಾದರಿ ಹೇಳಿದ ಲೆಕ್ಕವನ್ನು ನಂಬಿ ಹಣ ಹಾಕುತ್ತಾರೆ, ಗೋಡೆ ಎಬ್ಬಿಸುತ್ತಾರೆ. ಆ ಲೆಕ್ಕದ ಸಾಚಾತನ ಎಷ್ಟೋ ಸಲ ಈ ತಲೆಸಾಲುಗಳನ್ನೇ ಅವಲಂಬಿಸಿರುತ್ತದೆ ಎಂಬುದನ್ನು ನಾನು ಮುಖಭಂಗ ಅನುಭವಿಸಿಯೇ ಕಲಿತೆ. ಆ ಪ್ರಸಂಗವನ್ನು ಮುಂದೆ ನಿವೇದಿಸುತ್ತೇನೆ.

ಮಾದರಿಯ ಮೂರು ಅಂಗಗಳು

ಈ ಶಾಸ್ತ್ರದ ಪರಿಚಯವಿಲ್ಲದ ಓದುಗರಿಗಾಗಿ ಮೊದಲು ಎರಡು ಮಾತು. ಸಿಮ್ಯುಲೇಶನ್ ಎಂದರೆ ವಾಸ್ತವ ಜಗತ್ತಿನ ಒಂದು ವ್ಯವಹಾರವನ್ನು ಗಣಕಯಂತ್ರದೊಳಗೆ ಅನುಕರಿಸಿ, ನಡೆಯಿಸಿ ನೋಡುವುದು. ವಿದ್ಯಾರ್ಥಿನಿಲಯದ ಊಟದ ಮನೆಯನ್ನೇ ತೆಗೆದುಕೊಳ್ಳೋಣ. ಗಂಟೆ ಬಾರಿಸಿದೊಡನೆ ಹುಡುಗರು ಗುಂಪುಗುಂಪಾಗಿ ಬರುತ್ತಾರೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಬಡಿಸಿಕೊಂಡು ಹೋಗಿ ಕುಳಿತು ಉಣ್ಣುತ್ತಾರೆ. ತಟ್ಟೆ ತೊಳೆದಿಟ್ಟು ಹೊರಡುತ್ತಾರೆ. ಇದನ್ನೆಲ್ಲ ಮಾದರಿಯಲ್ಲಿ ಅಳವಡಿಸಿದರೆ, ಬಡಿಸುವ ಸಾಲು ಒಂದು ಹೆಚ್ಚಾದಾಗ ಕಾಯುವ ಹೊತ್ತು ಎಷ್ಟು ಇಳಿಯುವುದೆಂಬುದನ್ನು ಒಂದು ಕಲ್ಲನ್ನೂ ಕದಲಿಸದೆ ಅಂದಾಜು ಮಾಡಬಹುದು.

ಇಂಥ ಮಾದರಿಗೆ ಮೂರು ಅಂಗಗಳು ಅತ್ಯಗತ್ಯ. ಮೊದಲನೆಯದು ಗಡಿಯಾರ. ಮಾದರಿಯ ಕಾಲ ಬೇರೆ, ನಮ್ಮ ಕೈಗಡಿಯಾರದ ಕಾಲ ಬೇರೆ. ಅಲ್ಲಿ ಒಂದು ಗಂಟೆಯ ಊಟ ಅರೆಕ್ಷಣದಲ್ಲಿ ಮುಗಿದುಹೋಗಬಹುದು. ಎರಡನೆಯದು ದಾಳ. ಯಾವ ಹುಡುಗ ಯಾವ ಕ್ಷಣದಲ್ಲಿ ಬರುವನೆಂಬುದು ಅನಿಶ್ಚಿತವಾದ್ದರಿಂದ, ಆ ಅನಿಶ್ಚಿತತೆಯನ್ನು ಅನುಕರಿಸಲು ಯಾದೃಚ್ಛಿಕ ಸಂಖ್ಯೆಗಳ ಧಾರೆಯೊಂದು ಬೇಕು. ಮೂರನೆಯದು ಸರದಿ. ಒಂದೇ ಕ್ಷಣದಲ್ಲಿ ಹಲವರು ಎದುರಾದರೆ ಯಾರನ್ನು ಮೊದಲು ಗಮನಿಸಬೇಕೆಂಬ ಕ್ರಮವೇ ಸರದಿ. ಸಿಮ್ಯುಲೇಶನ್ ತಂತ್ರಾಂಶ ಈ ಮೂರನ್ನೂ ತಾನೇ ಒದಗಿಸಿ ತಾನೇ ನಿರ್ವಹಿಸುತ್ತದೆ.

ಆದರೂ ಎಲ್ಲರ ಎಲ್ಲ ಅಗತ್ಯಗಳನ್ನು ಪೂರೈಸಬಲ್ಲ ತಂತ್ರಾಂಶ ಯಾವುದೂ ಇಲ್ಲ. ಸಿದ್ಧ ಚೌಕಗಳನ್ನು ಜೋಡಿಸಿ ಮಾದರಿ ಕಟ್ಟುತ್ತಿರುವಾಗ, ಅವುಗಳಿಂದ ಹೇಳಲಾಗದ ವಿಶೇಷ ನಿಯಮವೊಂದು ಅಡ್ಡ ಬಂದೇ ಬರುತ್ತದೆ. ಆಗ ಕೈಯಾರೆ ಕೆಲವು ಸಾಲು ಸ್ಕ್ರಿಪ್ಟ್ ಬರೆಯಬೇಕಾಗುತ್ತದೆ. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ 2000ರಲ್ಲಿ ಹೊರಬಂದ ಎನಿಲಾಜಿಕ್ ಎಂಬ ತಂತ್ರಾಂಶದಲ್ಲಿ ಈ ಸ್ಕ್ರಿಪ್ಟನ್ನು ಜಾವಾ ಭಾಷೆಯಲ್ಲಿ ಬರೆಯುತ್ತಾರೆ. ತೊಲೆ ಕಂಬಗಳ ಬಾಗು ಬಿರುಕುಗಳನ್ನು ಲೆಕ್ಕ ಹಾಕುವ ಅಬಾಕಸ್ ತಂತ್ರಾಂಶದಲ್ಲಿ ಪೈಥಾನ್ ಭಾಷೆ ನಡೆಯುತ್ತದೆ. ಜಾವಾ, ಪೈಥಾನ್ ಎರಡಕ್ಕೂ ವಿಶಾಲವಾದ ಸಿದ್ಧ ಭಂಡಾರಗಳಿವೆ. ಪಟ್ಟಿ ಇಡುವುದು, ವಿಂಗಡಿಸುವುದು, ದಿನಾಂಕ ಎಣಿಸುವುದು, ಕಡತ ಓದುವುದು ಮೊದಲಾದ ನೂರಾರು ಕೆಲಸಗಳಿಗೆ ಬೇಕಾದ ಸಾಧನಗಳು ಅಲ್ಲಿ ತಯಾರಾಗಿ ಕುಳಿತಿವೆ. ಅವುಗಳಲ್ಲಿ ಬಹುಪಾಲು ಕ್ಲಾಸುಗಳ ರೂಪದಲ್ಲಿವೆ. ಒಂದು ಬಗೆಯ ವಸ್ತುವಿನ ಗುಣಗಳನ್ನೂ ಕ್ರಿಯೆಗಳನ್ನೂ ಒಟ್ಟಿಗೆ ಕೆತ್ತಿಟ್ಟ ಅಚ್ಚನ್ನು ಕ್ಲಾಸ್ ಎನ್ನುತ್ತಾರೆ. ಆ ಅಚ್ಚಿನಿಂದ ಎಷ್ಟು ವಸ್ತುಗಳನ್ನಾದರೂ ತೆಗೆಯಬಹುದು.

ಕ್ಲಾಸಿನ ತವರುಮನೆ

ಇಲ್ಲಿ ಚರಿತ್ರೆಯ ಒಂದು ಸಂಗತಿಯನ್ನು ನೆನೆಯುವುದು ಉಚಿತ. ಕ್ಲಾಸ್ ಎಂಬ ಕಲ್ಪನೆ ಸಿಮ್ಯುಲೇಶನ್ನಿಗೆ ಹೊರಗಿನಿಂದ ಬಂದದ್ದೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಿದ್ದಾರೆ. ವಾಸ್ತವದಲ್ಲಿ ಸಿಮ್ಯುಲೇಶನ್ನೇ ಅದರ ತವರುಮನೆ.

ನಾರ್ವೆ ದೇಶದ ಕ್ರಿಸ್ಟೆನ್ ನಿಗಾರ್ಡ್ 1940ರ ದಶಕದ ಕೊನೆಯಲ್ಲಿ ಆ ದೇಶದ ರಕ್ಷಣಾ ಸಂಶೋಧನ ಸಂಸ್ಥೆಯನ್ನು ಸೇರಿ, ಅಲ್ಲಿನ ಮೊದಲ ಪರಮಾಣು ರಿಯಾಕ್ಟರಿಗೆ ಸಂಬಂಧಿಸಿದ ಲೆಕ್ಕಗಳನ್ನು ಮಾಡುತ್ತಿದ್ದರು. ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿ ಮಾಡುವ ಆ ಲೆಕ್ಕಗಳು ಅವರನ್ನು ಸಿಮ್ಯುಲೇಶನ್ನಿನತ್ತ ಸೆಳೆದವು. 1960ರಲ್ಲಿ ಅವರು ಓಸ್ಲೋ ನಗರದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿಗೆ ಬಂದರು. ಅಲ್ಲಿ ಓಲೆ-ಯೋಹಾನ್ ಡಾಲ್ ಅವರೊಡಗೂಡಿ ಸಿಮುಲಾ ಎಂಬ ಭಾಷೆಯನ್ನು ನಿರ್ಮಿಸಿದರು. ಸಾಲುಗಳು, ಕಾರ್ಖಾನೆಗಳು, ಸಂಚಾರ ವ್ಯವಸ್ಥೆಗಳು ಇವನ್ನು ವರ್ಣಿಸಿ ನಡೆಯಿಸುವುದಕ್ಕಾಗಿಯೇ ಹುಟ್ಟಿದ ಭಾಷೆಯಿದು. ಅದರ ಮುಂದಿನ ರೂಪವಾದ ಸಿಮುಲಾ 67ರಲ್ಲಿ ಅವರು ಕ್ಲಾಸ್ ಮತ್ತು ಉಪಕ್ಲಾಸುಗಳ ಕಲ್ಪನೆಯನ್ನು ಜಗತ್ತಿನ ಮುಂದಿಟ್ಟರು.

ನಮ್ಮ ಚರ್ಚೆಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಸಿಮುಲಾ 67 ಭಾಷೆಯಲ್ಲಿ ಕಾಲ, ಸರದಿ, ಪ್ರಕ್ರಿಯೆ ಇವುಗಳನ್ನು ಭಾಷೆಯ ಒಡಲಿಗೆ ಹೊಲಿದುಬಿಡಲಿಲ್ಲ. ಸಾಲುಗಳನ್ನು ನಿರ್ವಹಿಸಲು ಸಿಮ್‌ಸೆಟ್ ಎಂಬ ಕ್ಲಾಸನ್ನೂ, ಅದರ ಉಪಕ್ಲಾಸಾಗಿ ಕಾಲವನ್ನು ನಡೆಯಿಸಲು ಸಿಮ್ಯುಲೇಶನ್ ಎಂಬ ಕ್ಲಾಸನ್ನೂ ಸಿದ್ಧಮಾಡಿ ಇಟ್ಟರು. ಬೇಕಾದವನು ತನ್ನ ಬರಹದ ತಲೆಯಲ್ಲಿ ಆ ಹೆಸರನ್ನು ಬರೆದರೆ ಸಾಕು, ಅದರ ಸಾಧನಗಳೆಲ್ಲ ಕೈಗೆ ಬರುತ್ತಿದ್ದವು. ಅರ್ಥಾತ್ ಸಿದ್ಧ ಕ್ಲಾಸನ್ನು ತಲೆಸಾಲಿನಲ್ಲಿ ಕರೆದುಕೊಳ್ಳುವ ಪದ್ಧತಿ ಸಿಮ್ಯುಲೇಶನ್ನಿನಷ್ಟೇ ಹಳೆಯದು.

ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಬ್ಯಾರ್ನೆ ಸ್ಟ್ರೌಸ್ಟ್ರುಪ್ ತಮ್ಮ ಮಾದರಿಯನ್ನು ಸಿಮುಲಾದಲ್ಲಿ ಬರೆದರು. ಅದರ ಕ್ಲಾಸುಗಳ ಸೊಗಸಿಗೆ ಮನಸೋತರು, ಅದರ ನಿಧಾನಕ್ಕೆ ಬೇಸತ್ತರು. 1979ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸಿ ಭಾಷೆಗೆ ಕ್ಲಾಸುಗಳನ್ನು ಕಸಿ ಮಾಡುವ ಕೆಲಸ ಆರಂಭಿಸಿದರು. ಅದೇ ಬೆಳೆದು ಸಿ ಪ್ಲಸ್ ಪ್ಲಸ್ ಆಯಿತು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಜಾವಾ ಭಾಷೆಯನ್ನು ಪ್ರಕಟಿಸಿತು. ಹೀಗೆ ತವರಿನಿಂದ ಹೊರಟ ಕ್ಲಾಸ್, ಊರೂರು ಸುತ್ತಿ ಶ್ರೀಮಂತವಾಗಿ, ಜಾವಾ ಭಂಡಾರದ ಮೂಲಕ ಸಿಮ್ಯುಲೇಶನ್ನಿಗೇ ಮರಳಿ ಬಂದಿದೆ. ಡಾಲ್ ಮತ್ತು ನಿಗಾರ್ಡ್ ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. 2002ರಲ್ಲಿ ಇಬ್ಬರೂ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಆದರೆ ತವರಿಗೆ ಮರಳಿದ ಮಗಳು ಹೊರಗಿನ ಹಲವು ರೂಢಿಗಳನ್ನೂ ಕಲಿತು ಬಂದಿದ್ದಾಳೆ. ಸಿಮ್‌ಸೆಟ್ ಕ್ಲಾಸಿಗೆ ಮಾದರಿಯ ಗಡಿಯಾರದ ಪರಿಚಯವಿದ್ದ ಮನೆಯಲ್ಲೇ ಬೆಳೆದ ಸಂಸ್ಕಾರವಿತ್ತು. ಇಂದಿನ ಜಾವಾ ಭಂಡಾರದ ಕ್ಲಾಸುಗಳಿಗೆ ಮಾದರಿಯೊಂದಿದೆ ಎಂಬುದೇ ತಿಳಿಯದು. ಸಮಸ್ಯೆಯ ಮೂಲ ಇಲ್ಲಿದೆ.

ಇಂಪೋರ್ಟ್ ಸಾಲು ಮಾಡುವುದೇನು?

ಇಂಪೋರ್ಟ್ ಎಂದೊಡನೆ ಭಂಡಾರದಿಂದ ಏನೋ ಹೊತ್ತು ತಂದು ನಮ್ಮ ಮಾದರಿಯಲ್ಲಿ ತುಂಬಿದಂತೆ ವಿದ್ಯಾರ್ಥಿಗಳು ತಿಳಿಯುತ್ತಾರೆ. ಜಾವಾದಲ್ಲಿ ಆ ಸಾಲು ಮಾಡುವುದು ಹೆಸರಿನ ಪರಿಚಯವನ್ನು ಮಾತ್ರ. ‘ಜಾವಾ.ಯುಟಿಲ್.ಕಲೆಕ್ಷನ್ಸ್’ ಎಂಬ ಪೂರ್ಣನಾಮವನ್ನು ಪ್ರತಿಸಲ ಬರೆಯುವ ಬದಲು ‘ಕಲೆಕ್ಷನ್ಸ್’ ಎಂಬಷ್ಟನ್ನೇ ಬರೆಯಲು ಅದು ಅನುಮತಿ ಕೊಡುತ್ತದೆ. ಊರು, ಮನೆತನ ಸಹಿತವಾಗಿ ಹೇಳಬೇಕಾದ ಹೆಸರನ್ನು ಬರಿಯ ಹೆಸರಿನಿಂದ ಕರೆಯುವ ಸಲುಗೆ ಅಷ್ಟೆ. ಪೂರ್ಣನಾಮವನ್ನೇ ಬರೆಯುವ ತಾಳ್ಮೆಯಿದ್ದರೆ ಇಂಪೋರ್ಟ್ ಸಾಲೇ ಬೇಕಿಲ್ಲ. ಜಾವಾ.ಲ್ಯಾಂಗ್ ಎಂಬ ಕಟ್ಟಿನಲ್ಲಿರುವ ಮೂಲಭೂತ ಕ್ಲಾಸುಗಳಿಗಂತೂ ಈ ಸಾಲಿನ ಅಗತ್ಯ ಎಂದೂ ಇಲ್ಲ.

ಎನಿಲಾಜಿಕ್‌ನಲ್ಲಿ ಪ್ರತಿಯೊಂದು ಏಜೆಂಟ್ ಪ್ರಕಾರವೂ ಒಂದು ಪ್ರತ್ಯೇಕ ಜಾವಾ ಕ್ಲಾಸಾಗಿ ಪರಿವರ್ತನೆ ಹೊಂದುತ್ತದೆ. ಅದರ ಇಂಪೋರ್ಟ್ ಸಾಲುಗಳಿಗೆಂದೇ ಒಂದು ಪುಟ್ಟ ಚೌಕವನ್ನು ಮೀಸಲಿಟ್ಟಿದ್ದಾರೆ. ಹೊಸಬರು ಆ ಸಾಲನ್ನು ಕ್ರಿಯೆ ಬರೆಯುವ ಚೌಕದಲ್ಲಿ ಬರೆದು ದೋಷಸೂಚನೆಯನ್ನು ಕಂಡು ಕಂಗಾಲಾಗುತ್ತಾರೆ. ಹುಡುಗನ ಏಜೆಂಟಿನಲ್ಲಿ ಬರೆದ ಇಂಪೋರ್ಟ್ ಊಟದ ಮನೆಯ ಏಜೆಂಟಿಗೆ ಅನ್ವಯಿಸಲಿಲ್ಲವೇಕೆಂದು ಕೇಳುತ್ತಾರೆ. ಪ್ರತಿ ಮನೆಯೂ ತನ್ನ ಪರಿಚಯವನ್ನು ತಾನೇ ಮಾಡಿಕೊಳ್ಳಬೇಕೆಂಬುದನ್ನು ಮೊದಲ ದಿನವೇ ಹೇಳಿಕೊಟ್ಟರೆ ಈ ತೊಳಲಾಟ ತಪ್ಪುತ್ತದೆ.

ಕಟ್ಟಿಗೆ ಕಟ್ಟನ್ನೇ ನಕ್ಷತ್ರ ಚಿಹ್ನೆಯಿಂದ ಕರೆದುಕೊಳ್ಳುವ ಇನ್ನೊಂದು ಅಭ್ಯಾಸವಿದೆ. ಬೆರಳಿಗೆ ಸುಖ, ಪರಿಣಾಮ ಕೆಲವೊಮ್ಮೆ ಕಷ್ಟ. ಜಾವಾದ ಆರಂಭದ ಆವೃತ್ತಿಗಳಲ್ಲಿ ತೆರೆಯ ಮೇಲೆ ಪಟ್ಟಿ ತೋರಿಸುವ ಲಿಸ್ಟ್ ಎಂಬ ಕ್ಲಾಸು ಜಾವಾ.ಎಡಬ್ಲ್ಯುಟಿ ಕಟ್ಟಿನಲ್ಲಿತ್ತು. ಆ ಕಟ್ಟನ್ನೂ ಜಾವಾ.ಯುಟಿಲ್ ಕಟ್ಟನ್ನೂ ನಕ್ಷತ್ರ ಹಾಕಿ ಕರೆದವರು ನಿಶ್ಚಿಂತರಾಗಿದ್ದರು. 1998ರ ಡಿಸೆಂಬರಿನಲ್ಲಿ ಬಂದ 1.2ನೆಯ ಆವೃತ್ತಿಯಲ್ಲಿ ಜಾವಾ.ಯುಟಿಲ್ ಕಟ್ಟಿಗೂ ಲಿಸ್ಟ್ ಎಂಬ ಹೆಸರು ಸೇರಿತು. ಬರಹದಲ್ಲಿ ಒಂದಕ್ಷರವೂ ಬದಲಾಗದಿದ್ದರೂ, ಯಾವ ಲಿಸ್ಟ್ ಎಂದು ತಿಳಿಯದೆ ಕಂಪೈಲರ್ ನಿರಾಕರಿಸತೊಡಗಿತು. ಬೇಕಾದ ಒಂದೇ ಕ್ಲಾಸನ್ನು ಹೆಸರಿಟ್ಟು ಕರೆದಿದ್ದವರ ಬರಹ ಮಾತ್ರ ಅಬಾಧಿತವಾಗಿ ಉಳಿಯಿತು.

ಜಾವಾ ಕೂಗಿಯಾದರೂ ಎಚ್ಚರಿಸುತ್ತದೆ. ಪೈಥಾನ್ ಮೌನವಾಗಿ ಬದಲಾಯಿಸಿಬಿಡುತ್ತದೆ. ಅಲ್ಲಿ ಓಎಸ್ ಎಂಬ ಕಟ್ಟಿನ ಎಲ್ಲವನ್ನೂ ನಕ್ಷತ್ರ ಹಾಕಿ ತಂದರೆ, ಕಡತ ತೆರೆಯುವ ‘ಓಪನ್’ ಎಂಬ ಭಾಷೆಯದೇ ಸಾಧನ ಮರೆಯಾಗಿ, ಅದೇ ಹೆಸರಿನ ಬೇರೊಂದು ಸಾಧನ ಅದರ ಪೀಠವನ್ನೇರುತ್ತದೆ. ಪೈಥಾನ್ ಭಾಷೆಯ ಅಧಿಕೃತ ಪಾಠಪುಸ್ತಕವೇ ಈ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿದೆ.

ಎರವಲೇ ಬೇಡವೆನ್ನುವವರ ವಾದ

ಇಷ್ಟನ್ನು ಕೇಳಿದ ಕೆಲವು ಅಧ್ಯಾಪಕ ಮಿತ್ರರು, ಹಾಗಾದರೆ ಹೊರಗಿನ ಕ್ಲಾಸುಗಳ ಗೊಡವೆಯೇ ಬೇಡ, ತಂತ್ರಾಂಶ ಕೊಟ್ಟ ಚೌಕಗಳಿಂದಲೇ ಮಾದರಿಯನ್ನು ಕಟ್ಟಲಿ, ಉಳಿದದ್ದನ್ನು ವಿದ್ಯಾರ್ಥಿಗಳು ಸ್ವಂತ ಕೈಯಿಂದ ಬರೆಯಲಿ ಎನ್ನುತ್ತಾರೆ. ಸ್ವಾವಲಂಬನೆಯ ಈ ಮಾತು ಕಿವಿಗೆ ಇಂಪಾಗಿದೆ. ಅನುಭವ ಮಾತ್ರ ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ.

ವಿಂಗಡಿಸಿದ ಪಟ್ಟಿಯಲ್ಲಿ ಒಂದು ಅಂಶವನ್ನು ನಡುವೆ ಸೀಳಿ ಸೀಳಿ ಹುಡುಕುವ ವಿಧಾನ ಎಲ್ಲರಿಗೂ ಗೊತ್ತಿರುವಂಥದು. ಜಾವಾ ಭಂಡಾರದ ಆ ಸಾಧನದಲ್ಲಿಯೇ ತಪ್ಪೊಂದು ವರ್ಷಗಟ್ಟಲೆ ಅಡಗಿತ್ತು. ಎರಡು ತುದಿಗಳ ಸಂಖ್ಯೆಗಳನ್ನು ಕೂಡಿ ಅರ್ಧ ಮಾಡುವಾಗ, ಪಟ್ಟಿ ಸುಮಾರು 107 ಕೋಟಿ ಅಂಶಗಳನ್ನು ಮೀರಿದರೆ, ಮೊತ್ತ ಸಂಖ್ಯೆಯ ಮೇರೆಯನ್ನು ದಾಟಿ ಋಣವಾಗಿಬಿಡುತ್ತಿತ್ತು. ಅದನ್ನು ಬರೆದವರು ಸಾಮಾನ್ಯರಲ್ಲ; ಜಾವಾ ಭಂಡಾರದ ಶಿಲ್ಪಿಗಳಲ್ಲಿ ಒಬ್ಬರಾದ ಜೋಶುವಾ ಬ್ಲಾಕ್. 2006ರಲ್ಲಿ ಅವರೇ ಮುಂದೆ ಬಂದು ಈ ತಪ್ಪನ್ನು ಬಹಿರಂಗವಾಗಿ ವಿವರಿಸಿದರು. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಪಳಗಿದ ಕೈಯೇ ಇಂಥ ಸಣ್ಣ ಕೆಲಸದಲ್ಲಿ ಎಡವುವುದಾದರೆ, ಪರೀಕ್ಷೆಯ ಹಿಂದಿನ ರಾತ್ರಿ ಬರೆಯುವ ವಿದ್ಯಾರ್ಥಿಯ ಕೈ ಎಡವದೆಂದು ಹೇಗೆ ನಂಬುವುದು? ಮತ್ತೆ, ಭಂಡಾರದ ತಪ್ಪು ಸಾವಿರಾರು ಕಣ್ಣುಗಳ ಮುಂದಿರುವುದರಿಂದ ಎಂದಾದರೊಂದು ದಿನ ಸಿಕ್ಕಿಬೀಳುತ್ತದೆ, ತಿದ್ದಿದಾಗ ಎಲ್ಲರಿಗೂ ತಿದ್ದಿದಂತಾಗುತ್ತದೆ. ಸ್ವಂತ ಬರಹದ ತಪ್ಪು ಸ್ವಂತದವನೊಡನೆಯೇ ಸಮಾಧಿಯಾಗುತ್ತದೆ. ಆದ್ದರಿಂದ ಎರವಲು ತರಬೇಕೆಂಬ ಪಕ್ಷವೇ ನನ್ನದು.

ಎರವಿನ ಎತ್ತಿನ ನಡಿಗೆ

ಆದರೆ ಬಿತ್ತನೆಯ ಕಾಲದಲ್ಲಿ ಪಕ್ಕದ ಹೊಲದವರಿಂದ ಎತ್ತನ್ನು ಎರವಲು ತಂದ ರೈತನಿಗೆ ಒಂದು ಮಾತು ಗೊತ್ತು: ಎತ್ತು ಬರುವಾಗ ತನ್ನ ನಡಿಗೆಯನ್ನೂ ಕಟ್ಟಿಕೊಂಡು ಬರುತ್ತದೆ. ನಮ್ಮ ಎತ್ತಿನೊಡನೆ ಹೂಡುವ ಮೊದಲು ಆ ನಡಿಗೆಯನ್ನು ನೋಡದಿದ್ದರೆ ಸಾಲು ಸೊಟ್ಟಗಾಗುತ್ತದೆ. ನನ್ನ ಸಾಲು ಸೊಟ್ಟಗಾದ ಕಥೆ ಹೀಗಿದೆ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳು ನಾಲ್ವರು ವಿದ್ಯಾರ್ಥಿನಿಲಯವೊಂದರ ಊಟದ ಮನೆಯ ಮಾದರಿಯನ್ನು ಕಟ್ಟಿದರು. ಮೂರು ಬಡಿಸುವ ಸಾಲುಗಳಿದ್ದ ಕಡೆ ನಾಲ್ಕನೆಯದನ್ನು ಸೇರಿಸಲು ಗೋಡೆ ಒಡೆಯಬೇಕೇ ಎಂಬುದು ನಿಲಯಪಾಲಕರ ಪ್ರಶ್ನೆ. ಹುಡುಗರು ಹಲವು ಸಂಜೆ ಗಡಿಯಾರ ಹಿಡಿದು ನಿಂತು ಲೆಕ್ಕ ಬರೆದುಕೊಂಡರು. ಗುಂಪಿನಲ್ಲಿ ಬಂದವರು ಯಾವ ಕ್ರಮದಲ್ಲಿ ಸಾಲು ಸೇರುತ್ತಾರೆಂಬುದನ್ನು ಅನುಕರಿಸಲು, ಜಾವಾ ಭಂಡಾರದ ಕಲೆಕ್ಷನ್ಸ್ ಕ್ಲಾಸಿನ ‘ಶಫಲ್’ ಎಂಬ ಸಾಧನದಿಂದ ಗುಂಪಿನ ಪಟ್ಟಿಯನ್ನು ಇಸ್ಪೀಟಿನ ಎಲೆಗಳಂತೆ ಕಲಸಿದರು. ಆ ಇಂಪೋರ್ಟ್ ಸಾಲನ್ನು ಹೇಳಿಕೊಟ್ಟವನು ನಾನೇ. ಮಾದರಿಯ ಮುಖ್ಯ ದಾಳಕ್ಕೆ ನಿಶ್ಚಿತ ಬೀಜಸಂಖ್ಯೆಯನ್ನು ಕೊಟ್ಟಿದ್ದೆವು. ಬೀಜಸಂಖ್ಯೆ ಒಂದೇ ಆದರೆ ಯಾದೃಚ್ಛಿಕ ಸಂಖ್ಯೆಗಳ ಧಾರೆಯೂ ಒಂದೇ ಆಗಿ, ಎಷ್ಟು ಸಲ ಓಡಿಸಿದರೂ ಮಾದರಿ ಅದೇ ಉತ್ತರವನ್ನು ಕೊಡಬೇಕು.

ಮೊದಲ ದಿನ ಕಾಯುವ ಸರಾಸರಿ ಹೊತ್ತು 11 ನಿಮಿಷವೆಂದು ಬಂತು. ಮಾರನೆಯ ದಿನ ನಿಲಯಪಾಲಕರನ್ನು ಕೂರಿಸಿಕೊಂಡು ಅದೇ ಮಾದರಿಯನ್ನು ಓಡಿಸಿದಾಗ 14 ನಿಮಿಷವೆಂದಿತು. ಆ ಹಿರಿಯರು ಕನ್ನಡಕವನ್ನು ತೆಗೆದು ಒರೆಸಿಕೊಳ್ಳುತ್ತ, “ಮೇಷ್ಟ್ರೇ, ನಿನ್ನೆಯ ಲೆಕ್ಕ ನಿಜವೋ, ಇವತ್ತಿನದು ನಿಜವೋ? ಯಾವುದನ್ನು ನಂಬಿ ನಾನು ಗೋಡೆ ಒಡೆಸಲಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಶಫಲ್ ಸಾಧನಕ್ಕೆ ಪಟ್ಟಿಯೊಂದನ್ನೇ ಕೊಟ್ಟರೆ ಅದು ಮಾದರಿಯ ದಾಳವನ್ನು ಮುಟ್ಟುವುದೇ ಇಲ್ಲ. ತನ್ನದೇ ದಾಳವನ್ನು ಉರುಳಿಸುತ್ತದೆ. ಆ ದಾಳದ ಬೀಜ ಪ್ರತಿ ಓಟದಲ್ಲಿಯೂ ಹೊಸದು. ಪಟ್ಟಿಯ ಜೊತೆಗೆ ಎರಡನೆಯ ಅಂಶವಾಗಿ ಮಾದರಿಯ ದಾಳವನ್ನೂ ಕೊಡುವ ಅವಕಾಶ ಆ ಸಾಧನಕ್ಕಿದೆ. ಎನಿಲಾಜಿಕ್‌ನಲ್ಲಿ ‘ಗೆಟ್‌ಡಿಫಾಲ್ಟ್‌ರ‍್ಯಾಂಡಮ್‌ಜನರೇಟರ್’ ಎಂದು ಕೇಳಿದರೆ ಆ ದಾಳ ಕೈಗೆ ಬರುತ್ತದೆ. ಅದೊಂದು ಮಾತನ್ನು ಸೇರಿಸಿದೆವು. ಇದಲ್ಲದೆ ಹುಡುಗರನ್ನು ಹ್ಯಾಶ್‌ಸೆಟ್ ಎಂಬ ಚೀಲದಲ್ಲಿ ತುಂಬಿ ಒಬ್ಬೊಬ್ಬರನ್ನಾಗಿ ಹೊರತೆಗೆಯುತ್ತಿದ್ದೆವು. ಆ ಚೀಲ ಯಾವ ಕ್ರಮದ ಭರವಸೆಯನ್ನೂ ಕೊಡುವುದಿಲ್ಲ; ಇಂದು ಒಂದು ಸರದಿ, ನಾಳೆ ಇನ್ನೊಂದಾಗಬಹುದು. ಅದರ ಬದಲು ಹಾಕಿದ ಕ್ರಮದಲ್ಲಿಯೇ ತೆಗೆದುಕೊಡುವ ಲಿಂಕ್ಡ್‌ಹ್ಯಾಶ್‌ಸೆಟ್ ಎಂಬುದನ್ನು ತಂದೆವು. ಮಾದರಿ ಸ್ಥಿರವಾಯಿತು.

ಇಲ್ಲೊಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಬೇರೆ ಬೇರೆ ಬೀಜಗಳನ್ನು ಕೊಟ್ಟು ಮಾದರಿಯನ್ನು ಅನೇಕ ಸಲ ಓಡಿಸಿ, ಉತ್ತರಗಳು ಎಷ್ಟರಮಟ್ಟಿಗೆ ಹರಡಿವೆಯೆಂದು ನೋಡುವುದು ಅವಶ್ಯವಾದ ಕ್ರಮವೇ ಸರಿ. ಆದರೆ ಆ ಪ್ರತಿಯೊಂದು ಓಟವೂ ಬೇಕೆಂದಾಗ ಮತ್ತೆ ಹಾಗೆಯೇ ನಡೆಯುವಂತಿರಬೇಕು. ಮೂರು ಸಾಲುಗಳ ಊಟದ ಮನೆಯನ್ನೂ ನಾಲ್ಕು ಸಾಲುಗಳದನ್ನೂ ಹೋಲಿಸುವಾಗ, ಎರಡಕ್ಕೂ ಅದೇ ಹುಡುಗರು ಅದೇ ಹೊತ್ತಿಗೆ ಅದೇ ಕ್ರಮದಲ್ಲಿ ಬಂದರೆ ಮಾತ್ರ ಹೋಲಿಕೆ ನ್ಯಾಯವಾದದ್ದು. ಕಳ್ಳದಾಳವೊಂದು ಒಳಗೆ ಉರುಳುತ್ತಿದ್ದರೆ, ಕಂಡ ವ್ಯತ್ಯಾಸ ಸಾಲಿನದೋ ದಾಳದ್ದೋ ಹೇಳಲಾಗದು. ನಮ್ಮ ಮಾದರಿಯನ್ನು ಸರಿಪಡಿಸಿ ಹೋಲಿಸಿದಾಗ, ನಾಲ್ಕನೆಯ ಸಾಲಿನಿಂದ ಉಳಿದ ಹೊತ್ತನ್ನು ಹುಡುಗರು ತಟ್ಟೆ ತೊಳೆಯುವ ನಲ್ಲಿಗಳ ಮುಂದೆ ನಿಂತು ಕಳೆಯುತ್ತಿದ್ದುದು ಕಂಡಿತು. ನಿಲಯಪಾಲಕರು ಗೋಡೆಯನ್ನು ಉಳಿಸಿ ನಲ್ಲಿಗಳನ್ನು ಹೆಚ್ಚಿಸಿದರು.

ದಾಳ ಮತ್ತು ಸರದಿಗಳಂತೆ ಗಡಿಯಾರಕ್ಕೂ ಇದೇ ಅಪಾಯವಿದೆ. ಭಂಡಾರದ ಡೇಟ್ ಕ್ಲಾಸಿನಿಂದ ಹೊಸ ದಿನಾಂಕವನ್ನು ಕೇಳಿದರೆ ಅದು ಮೇಜಿನ ಮೇಲಿರುವ ಯಂತ್ರದ ದಿನಾಂಕವನ್ನು ಹೇಳುತ್ತದೆ. ಮಾದರಿಯೊಳಗೆ ಆಗ ದೀಪಾವಳಿಯ ಮುನ್ನಾದಿನವೇ ನಡೆಯುತ್ತಿದ್ದರೂ ಅದಕ್ಕೆ ಪರಿವೆಯಿಲ್ಲ. ಮಾದರಿಯ ಕಾಲ ಬೇಕಾದರೆ ತಂತ್ರಾಂಶದ್ದೇ ಆದ ‘ಟೈಮ್’ ಮತ್ತು ‘ಡೇಟ್’ ಎಂಬ ಕಾರ್ಯಗಳನ್ನು ಕೇಳಬೇಕು. ಬಡಿಸುವವನು ಎರಡು ನಿಮಿಷ ವಿರಮಿಸಲೆಂದು ಜಾವಾದ ‘ಥ್ರೆಡ್.ಸ್ಲೀಪ್’ ಬರೆದ ವಿದ್ಯಾರ್ಥಿಯನ್ನು ಕಂಡಿದ್ದೇನೆ. ಮಾದರಿಯೆಲ್ಲ ಎರಡು ನಿಮಿಷ ಸ್ತಬ್ಧವಾಗಿ ನಿಂತಿತು. ಅದರ ಗಡಿಯಾರ ಮಾತ್ರ ಒಂದು ಕ್ಷಣವೂ ಮುಂದಕ್ಕೆ ಹೋಗಿರಲಿಲ್ಲ.

ಹಿಂದಿನವರು ತೆತ್ತ ಬೆಲೆ

ಇದು ವಿದ್ಯಾರ್ಥಿಗಳ ಎಳಸುತನದ ತಪ್ಪೆಂದು ತಳ್ಳಿಹಾಕುವಂತಿಲ್ಲ. 1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ವೈಜ್ಞಾನಿಕ ಭಂಡಾರದಲ್ಲಿ ರಾಂಡು ಎಂಬ ಯಾದೃಚ್ಛಿಕ ಸಂಖ್ಯೆಗಳ ಸಾಧನವಿತ್ತು. ಹಿಂದಿನ ಸಂಖ್ಯೆಯನ್ನು 65539ರಿಂದ ಗುಣಿಸಿ, ಎರಡರ 31ನೆಯ ಘಾತದಿಂದ ಭಾಗಿಸಿ, ಶೇಷವನ್ನು ಉಳಿಸಿಕೊಳ್ಳುವುದು ಅದರ ಕ್ರಮ. ಪ್ರತಿಷ್ಠಿತ ಭಂಡಾರದ್ದೆಂಬ ಒಂದೇ ನಂಬಿಕೆಯಿಂದ ಲೋಕದ ಅನೇಕ ವಿಜ್ಞಾನಿಗಳು ಅದನ್ನು ತಮ್ಮ ಮಾದರಿಗಳಿಗೆ ಹೂಡಿದರು. ಇಂಥ ಗುಣಾಕಾರದ ದಾಳಗಳು ಕೊಡುವ ಸಂಖ್ಯೆಗಳು ಆಕಾಶದಲ್ಲಿ ಸಮನಾಗಿ ಹರಡದೆ ಕೆಲವೇ ಸಮತಲಗಳ ಮೇಲೆ ಬೀಳುತ್ತವೆಂದು ಜಾರ್ಜ್ ಮಾರ್ಸಾಗ್ಲಿಯಾ 1968ರಲ್ಲಿ ತೋರಿಸಿದರು. ರಾಂಡುವಿನ ಸ್ಥಿತಿ ತೀರ ಶೋಚನೀಯವಾಗಿತ್ತು. ಅದರ ಸಂಖ್ಯೆಗಳನ್ನು ಮೂರು ಮೂರರಂತೆ ತೆಗೆದುಕೊಂಡು ಬಿಂದುಗಳನ್ನು ಗುರುತಿಸಿದರೆ ಅವೆಲ್ಲ ಕೇವಲ 15 ಸಮತಲಗಳಲ್ಲಿ ಅಡಗುತ್ತವೆ. ಆ ದಾಳವನ್ನು ನಂಬಿ ಬರೆದ ಫಲಿತಾಂಶಗಳೆಲ್ಲ ಸಂದೇಹಕ್ಕೆ ಗುರಿಯಾದವು. ತಂದವರಲ್ಲಿ ಎಷ್ಟು ಜನ ಅದರ ಒಳಗನ್ನು ನೋಡಿದ್ದರು?

ಜಾವಾದ ರ‍್ಯಾಂಡಮ್ ಕ್ಲಾಸು 48 ಬಿಟ್ಟುಗಳ ಬೀಜವನ್ನಿಟ್ಟುಕೊಂಡಿದ್ದು ರಾಂಡುವಿಗಿಂತ ಎಷ್ಟೋ ಮೇಲು. ಆದರೂ ವಂಶ ಅದೇ ಗುಣಾಕಾರದ್ದು. ಎನಿಲಾಜಿಕ್‌ನ ರೂಢಿಯ ದಾಳವೂ ಈ ಕ್ಲಾಸಿನದೇ. ಬೇಕಾದವರು ಬೇರೆಯದನ್ನು ನೇಮಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಊಟದ ಮನೆಯ ಮಾದರಿಗೆ ಸಾಕಾದದ್ದು, ಕೋಟಿಗಟ್ಟಲೆ ಸಂಖ್ಯೆಗಳನ್ನು ನುಂಗುವ ಮಾದರಿಗೆ ಸಾಲದೆ ಹೋಗಬಹುದು. ಇದನ್ನು ತೀರ್ಮಾನಿಸುವ ಹೊಣೆ ಮಾದರಿ ಕಟ್ಟುವವನದೇ.

ಅಧ್ಯಾಪಕರಲ್ಲಿ ಕೆಲವು ಬಿನ್ನಹಗಳು

ಈ ಅನುಭವಗಳ ಬಲದಿಂದ ಅಧ್ಯಾಪಕ ಬಂಧುಗಳಲ್ಲಿ ಕೆಲವು ಬಿನ್ನಹಗಳನ್ನು ಮಾಡಿಕೊಳ್ಳುತ್ತೇನೆ. ಮೊದಲನೆಯದಾಗಿ, ವಿದ್ಯಾರ್ಥಿ ನಕ್ಷತ್ರ ಹಾಕಿ ಕಟ್ಟುಗಟ್ಟಲೆ ತರುವುದನ್ನು ಬಿಡಿಸಿ, ಬೇಕಾದ ಕ್ಲಾಸನ್ನು ಒಂದೊಂದಾಗಿ ಹೆಸರಿಟ್ಟು ತರುವುದನ್ನು ರೂಢಿಸಬೇಕು. ತಂದ ಪ್ರತಿಯೊಂದರ ಪಕ್ಕದಲ್ಲಿ ಏಕೆ ತಂದೆನೆಂಬುದನ್ನು ಒಂದು ಸಾಲಿನ ಟಿಪ್ಪಣಿಯಾಗಿ ಬರೆಯಲಿ. ಎರಡನೆಯದಾಗಿ, ತಂದ ಕ್ಲಾಸನ್ನು ಮೂರು ಪ್ರಶ್ನೆ ಕೇಳಲಿ: ನಿನ್ನದೇ ಗಡಿಯಾರವಿದೆಯೇ? ನಿನ್ನದೇ ದಾಳವಿದೆಯೇ? ನಿನ್ನ ಸರದಿ ಸ್ಥಿರವೇ? ಉತ್ತರ ಆ ಕ್ಲಾಸಿನ ಅಧಿಕೃತ ವಿವರಣೆಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಮೂರನೆಯದಾಗಿ, ಅದೇ ಬೀಜಸಂಖ್ಯೆಯಿಂದ ಮಾದರಿಯನ್ನು ಎರಡು ಸಲ ಓಡಿಸಿ, ಉತ್ತರ ಕೊನೆಯ ಅಂಕೆಯವರೆಗೂ ಒಂದೇ ಎಂದು ತೋರಿಸಿದ ಮೇಲೆಯೇ ಪ್ರಾಜೆಕ್ಟ್ ವರದಿಗೆ ಸಹಿ ಹಾಕಬೇಕು. ಈ ಪರೀಕ್ಷೆಗೆ ಖರ್ಚಾಗುವುದು ಐದು ನಿಮಿಷ. ಅದನ್ನು ಮಾಡಿದ್ದರೆ ನಾನು ನಿಲಯಪಾಲಕರ ಮುಂದೆ ತಲೆ ತಗ್ಗಿಸಬೇಕಾಗುತ್ತಿರಲಿಲ್ಲ.

ನಮ್ಮ ಪ್ರಯೋಗಶಾಲೆಗಳಲ್ಲಿ ಇಂಪೋರ್ಟ್ ಸಾಲುಗಳನ್ನು ಮಂತ್ರದಂತೆ ಬಾಯಿಪಾಠ ಮಾಡಿಸುವ ಪರಿಪಾಠ ಬೆಳೆದಿದೆ. ಹಿಂದಿನ ವರ್ಷದ ವಿದ್ಯಾರ್ಥಿಯ ದಪ್ತರದಿಂದ ಈ ವರ್ಷದವನು ಹತ್ತು ಸಾಲುಗಳನ್ನು ನಕಲು ಮಾಡುತ್ತಾನೆ. ಅವುಗಳಲ್ಲಿ ಏಳು ಅವನಿಗೆ ಬೇಕಾಗಿಯೇ ಇರುವುದಿಲ್ಲ. ಕಾರ್ಯಕ್ರಮ ಓಡಿತಲ್ಲ ಎಂಬ ಸಮಾಧಾನದಲ್ಲಿ ನಾವೂ ಅಂಕ ಕೊಟ್ಟು ಕಳುಹಿಸುತ್ತೇವೆ. ಓಡುವುದು ಬೇರೆ, ಸರಿಯಾಗಿ ಓಡುವುದು ಬೇರೆ ಎಂಬ ಪ್ರಾಥಮಿಕ ಭೇದವನ್ನು ತಿಳಿಸದ ಪಾಠ ಎಂಥ ಪಾಠ?

ಇಲ್ಲಿ ದಾನಿಗಳ ಅವಗಾಹನೆಗೂ ಒಂದು ಮಾತನ್ನು ತರಬಯಸುತ್ತೇನೆ. ಶಾಲೆಗಳಿಗೆ ಗಣಕಯಂತ್ರಗಳನ್ನು ಕೊಡಿಸುವ ಉದಾರಿಗಳು ನಮ್ಮ ನಾಡಿನಲ್ಲಿ ಬಹಳ ಮಂದಿ. ಅವರ ಔದಾರ್ಯಕ್ಕೆ ನಾವೆಲ್ಲ ಋಣಿಗಳು. ಆದರೆ ಯಂತ್ರಕ್ಕಿಂತ ದುರ್ಲಭವಾದದ್ದು, ಯಂತ್ರದ ಮುಂದೆ ಕುಳಿತ ಹುಡುಗನ ಪಕ್ಕದಲ್ಲಿ ನಿಂತು ‘ಈ ಸಾಲು ಏಕೆ ಬರೆದೆಯಪ್ಪಾ?’ ಎಂದು ಕೇಳಬಲ್ಲ ಅಧ್ಯಾಪಕನ ಬಿಡುವು. ಅಧ್ಯಾಪಕರ ತರಬೇತಿಗೆ ಕೊಡುವ ದಾನ ಭಾವಚಿತ್ರದಲ್ಲಿ ಕಾಣಿಸುವುದಿಲ್ಲ. ಅದರ ಫಲ ವಿದ್ಯಾರ್ಥಿಯ ಲೆಕ್ಕದಲ್ಲಿ ಕಾಣುತ್ತದೆ.

ಹಿಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಕಾರ್ಖಾನೆ, ಆಸ್ಪತ್ರೆ, ಸಾರಿಗೆ ಮುಂತಾದ ಕ್ಷೇತ್ರಗಳಲ್ಲಿ ಹೊಣೆಯ ಸ್ಥಾನಗಳಲ್ಲಿದ್ದಾರೆ. ಮಾದರಿಯೊಂದರ ವರದಿ ಅವರ ಮೇಜಿಗೆ ಬಂದಾಗ, ‘ಇದನ್ನು ನನ್ನೆದುರಿಗೆ ಇನ್ನೊಮ್ಮೆ ಓಡಿಸಿ ತೋರಿಸಿ’ ಎಂದು ಕೇಳುವ ಧೈರ್ಯ ಅವರಿಗಿರಲಿ. ಆ ಪ್ರಶ್ನೆಗೆ ಗಣಕಶಾಸ್ತ್ರದ ಪದವಿ ಬೇಕಿಲ್ಲ. ಕನ್ನಡಕ ಒರೆಸಿಕೊಳ್ಳುತ್ತ ಅದನ್ನು ನನಗೆ ಕೇಳಿದ ಆ ನಿಲಯಪಾಲಕರು ಗಣಕಯಂತ್ರವನ್ನು ಎಂದೂ ಮುಟ್ಟಿದವರಲ್ಲ. ನನ್ನ ವೃತ್ತಿಜೀವನದ ಬಹು ದೊಡ್ಡ ಪಾಠವನ್ನು ನಾನು ಕಲಿತದ್ದು ಅವರಿಂದ.

ಅನ್ಯರ ಭಂಡಾರದಿಂದ ತರುವುದರಲ್ಲಿ ಅವಮಾನವಿಲ್ಲ. ವಿದ್ಯೆಯೆಲ್ಲ ಒಂದರ್ಥದಲ್ಲಿ ಹಿರಿಯರಿಂದ ಪಡೆದ ಎರವಲೇ. ತಂದದ್ದನ್ನು ತಿಳಿದು ಬಳಸುವ ಮತ್ತು ಅದರ ನಡತೆಗೆ ತಾನೇ ಜವಾಬು ಹೇಳುವ ವಿವೇಕವನ್ನು ಮಾತ್ರ ಯಾವ ಇಂಪೋರ್ಟ್ ಸಾಲೂ ತಂದುಕೊಡಲಾರದು. ಅದನ್ನು ಕಲಿಸುವ ಕೆಲಸ ನಮ್ಮ ಶಾಲೆಗಳದು.